ಅತ್ತೆಬಾಯಿ

ಅತ್ತೆಬಾಯಿ ಅವಳ ಎಡಗೈ ಕಿರುಬೆರಳಿನ ತುದಿ ತಿಂದು ಹನ್ನೊಂದು ವರ್ಷವಾಗಿತ್ತು.

ಅತ್ತೆ ಅಂದರೆ ಗಂಡನ ತಾಯಿ ಅಂದುಕೊಳ್ಳಬೇಡಿ. ಆ ಮುದುಕಿ ಪಾಪ, ಹಲ್ಲಿಲ್ಲದೆ ಸತ್ತಳು. ಅತ್ತೆಬಾಯಿ ಅಂದರೆ ಉದ್ಯಾನ ರಸ್ತೆಯ ಮೂರನೇ ಮನೆ ಮುಂದಿರುವ ಒಳಚರಂಡಿ ಗುಂಡಿಯ ಕಬ್ಬಿಣದ ಮುಚ್ಚಳ. ಎತ್ತಲು ಹೋದರೆ ಜಗಳಕ್ಕೆ ಬರುತ್ತದೆ. ಒಮ್ಮೆ ಬಾಯಿ ತೆರೆಯಿತೋ, ಮುಚ್ಚಿಸುವ ಗಂಡಸು ಹುಟ್ಟಿಲ್ಲ. ಮೋರಿ ಕೆಲಸದವರು ಊರಿನ ಒಂದೊಂದು ಮುಚ್ಚಳಕ್ಕೂ ಹೀಗೆ ಹೆಸರಿಟ್ಟುಕೊಂಡಿದ್ದರು. ಒಳಗಿಂದ ಗೊರ್ ಅನ್ನುವುದು ಗೊರಕೆಯಪ್ಪ. ಒಂದನ್ನು ಬಳಿದರೆ ಪಕ್ಕದ್ದು ಮುನಿಸಿಕೊಂಡು ತುಂಬಿಕೊಳ್ಳುವ ಎರಡು ಗುಂಡಿಗಳಿಗೆ ವಾರಗಿತ್ತಿಯರು. ಆಫೀಸಿನಲ್ಲಿ ಒಂದು ಕಾಲಕ್ಕೆ ಒಳಚರಂಡಿಯ ನಕ್ಷೆ ಇತ್ತಂತೆ, ಗೆದ್ದಲು ತಿಂದು ಮುಗಿಸಿತು. ಆಮೇಲೆ ಉಳಿದ ನಕ್ಷೆ ಒಂದೇ, ಅದು ಬೆರಳಿನ ತುದಿ ಕಳೆದುಕೊಂಡ ಇವಳ ತಲೆಯೊಳಗಿತ್ತು. ಇಪ್ಪತ್ತೆರಡು ವರ್ಷದ ಕೆಲಸ. ಊರೆಲ್ಲ ಅವಳನ್ನು ಮುಚ್ಚಳಕ್ಕ ಅಂತಲೇ ಕರೆಯುತ್ತಿತ್ತು.

ಕೆಲಸ ಎಂಥದ್ದು ಅಂತ ಹೇಳಿಬಿಡುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ. ಮುಚ್ಚಳದ ಕಿವಿಗೆ ಕೊಕ್ಕೆ ಹಾಕಿ, ಮೈಭಾರವನ್ನೆಲ್ಲ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಎಳೆಯಬೇಕು. ಕೆಟ್ಟ ಗಾಳಿ ಹೋಗುವ ತನಕ ಮುಖ ಆ ಕಡೆ ತಿರುಗಿಸಿ ನಿಲ್ಲಬೇಕು. ಆಮೇಲೆ ಉದ್ದ ಗಳ ಹಾಕಿ ಚುಚ್ಚಬೇಕು. ಗಳಕ್ಕೆ ಬಗ್ಗದ್ದು ಕೈಗೆ ಬರಬೇಕು. ಕೂದಲ ಉಂಡೆ, ಬಟ್ಟೆ, ಹೇಲು, ನೀವು ಮುಚ್ಚಿಟ್ಟು ಎಸೆದದ್ದು, ಎಲ್ಲವೂ. ಮೂರು ಸಲ ಸೋಪು ಹಾಕಿದರೂ ಉಗುರಿನ ಸಂದಿಯಿಂದ ವಾಸನೆ ಹೋಗುವುದಿಲ್ಲ. ಮುಚ್ಚಳಕ್ಕ ತುತ್ತು ಬಾಯಿಗಿಡುವಾಗ ಉಸಿರು ಹಿಡಿಯುತ್ತಿದ್ದಳು. ಅಭ್ಯಾಸವಾಗಿಹೋಗಿತ್ತು.

ಇಂಥವಳನ್ನು ಹುಡುಕಿಕೊಂಡು ಒಂದು ಭಾನುವಾರ ನಕ್ಷೆಯವರು ಬಂದರು.

ಯಾರಪ್ಪಾ ಇವರು ಅಂದರೆ, ಸ್ವಯಂಸೇವಕರು. ವಾಚನಾಲಯದ ಹಾಲಿನಲ್ಲಿ ವಾರವಾರ ಸೇರಿ, ಬಿಸ್ಕತ್ತು ತಿಂದು, ಕಂಪ್ಯೂಟರಿನಲ್ಲಿ ಊರಿನ ನಕ್ಷೆ ಬರೆಯುತ್ತಿದ್ದರು. ಕೊರಳಲ್ಲಿ ಗುರುತಿನ ಚೀಟಿ, ಮೈಮೇಲೆ ಒಂದೇ ಬಣ್ಣದ ಅಂಗಿ. ಅವರ ಮುಂದಾಳು ಒಬ್ಬ ನಿವೃತ್ತ ಅಧಿಕಾರಿ. ಬಿಸಿಲಿರಲಿ, ನೆರಳಿರಲಿ, ತಲೆಯ ಮೇಲೆ ಅಗಲ ಟೋಪಿ. ಹಾಗಾಗಿ ಟೋಪಿಯವರು. ಮನೆ ಉದ್ಯಾನ ರಸ್ತೆಯ ಮೂರನೆಯದು. ಆ ರಸ್ತೆಯಲ್ಲಿ ಉದ್ಯಾನ ಎಲ್ಲಿದೆ ಅಂತ ಮಾತ್ರ ಕೇಳಬೇಡಿ, ಇರುವುದು ಗೇಟಿನ ಮೇಲೆ ನಾಲ್ಕು ಹೂಕುಂಡ.

"ಇದು ಯಾರಪ್ಪನ ಸ್ವತ್ತೂ ಅಲ್ಲಮ್ಮ," ಅಂದರು ಟೋಪಿಯವರು. "ಎಲ್ಲರ ನಕ್ಷೆ. ಯಾರು ಬೇಕಾದ್ರೂ ಬರೀಬಹುದು, ಯಾರು ಬೇಕಾದ್ರೂ ತಿದ್ದಬಹುದು. ಮುಚ್ಚಳಗಳೆಲ್ಲ ಎಲ್ಲಿವೆ ಅಂತ ನೀವು ತೋರಿಸಿದ್ರೆ ಊರಿಗೇ ಉಪಕಾರ."

ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಸಿಂಗಾರ ಮಾಡಬಾರದು ಅಂತ ಗಾದೆಯಿದೆ. ಮುಚ್ಚಳಕ್ಕನಿಗೂ ಅದು ಗೊತ್ತಿತ್ತು. ಆದರೂ ಹೋದಳು. ಅವಳನ್ನು ಇಪ್ಪತ್ತೆರಡು ವರ್ಷದಲ್ಲಿ "ನಿಮಗೆ ಗೊತ್ತಿರೋದನ್ನ ಹೇಳಿ" ಅಂತ ಕೇಳಿದವರು ಇವರೇ ಮೊದಲು. ಅಷ್ಟಕ್ಕೇ ಉಬ್ಬಿಹೋದಳು, ಅದೇ ಅವಳು ಮಾಡಿದ ತಪ್ಪು.

ಏಳು ಭಾನುವಾರ ನಡೆದಳು. ವಾರಕ್ಕೊಂದು ರಜೆ, ಅದೂ ಹೋಯಿತು. ಜೊತೆಗೆ ಬ್ಯಾಂಕಿನ ಮೇಡಂ ಅಂತ ಒಬ್ಬರು, ಮೊಬೈಲ್ ಹಿಡಿದು ಬರೆದುಕೊಳ್ಳುತ್ತಿದ್ದರು. ಒಳ್ಳೆಯ ಹೆಂಗಸು. ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ನೋಡಿಕೊಂಡು, ಮುಚ್ಚಳಕ್ಕನ ಆ ಮಗ್ಗುಲಿಗೇ ನಡೆಯುತ್ತಿದ್ದರು. ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬಂದವಳ ಪಕ್ಕ ನಡೆಯುವ ಪರಿ ಇದು. ಅಂಗಿ ಇವಳಿಗೆ ಕೊಡಲಿಲ್ಲ, "ನಿಮ್ಮ ಸೈಜ್ ಇಲ್ಲ" ಅಂದರು. ಕೊನೆಯ ದಿನ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಇವಳೂ ಸಾಲಿನ ತುದಿಗೆ ಹೋಗಿ ನಿಂತಳು. "ಅಕ್ಕಾ, ನೀವು ಸ್ವಲ್ಪ ಈ ಕಡೆ ಬನ್ನಿ," ಅಂದರು ಟೋಪಿಯವರು. "ನಿಮ್ಮದು ಬೇರೆ ತೆಗೆಯೋಣ. ಒಂದು ಮುಚ್ಚಳ ಎತ್ತಿ, ಕೆಲಸ ಮಾಡೋ ಹಾಗೆ." ರಜೆಯ ದಿನ, ಒಗೆದ ಸೀರೆಯಲ್ಲಿ, ಫೋಟೋಕ್ಕೆ ಅಂತ ಮುಚ್ಚಳ ಎತ್ತಿದಳು. ಎತ್ತಿ ಅರ್ಧ ಬಗ್ಗಿದಲ್ಲೇ ನಿಲ್ಲಿಸಿ ಮೂರು ಸಲ ಕ್ಲಿಕ್ ಮಾಡಿದರು. ಸೊಂಟದ ನರ ಪಟಪಟ ಅನ್ನುತ್ತಿತ್ತು, ಆದರೂ ನಕ್ಕಳು.

ನಾನೂರ ಹನ್ನೆರಡು ಮುಚ್ಚಳ ನಕ್ಷೆಗೆ ಬಂದವು. ಬರೆದವರ ಪಟ್ಟಿಯಲ್ಲಿ ಹದಿನಾಲ್ಕು ಹೆಸರು ಬಂದವು. ಇವಳದ್ದು ಇರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ. ಹೋಗಲಿ ಬಿಡಿ, ಅದನ್ನು ಅವಳು ಎತ್ತಿ ಆಡಲೇ ಇಲ್ಲ.

ಎಡವಟ್ಟಾದದ್ದು ಅತ್ತೆಬಾಯಿಯಿಂದ. ಉದ್ಯಾನ ರಸ್ತೆಯಲ್ಲಿ ಬ್ಯಾಂಕಿನ ಮೇಡಂ "ಇದೇನಕ್ಕ?" ಅಂತ ಕೇಳಿದ್ದರು. ಇವಳು ಮುಚ್ಚಳ ತೋರಿಸಿ "ಇದು ಅತ್ತೆಬಾಯಿ" ಅಂದಿದ್ದಳು. ಮೇಡಂ ಅದನ್ನು ರಸ್ತೆಯ ಹೆಸರು ಅಂದುಕೊಂಡು ಹಾಗೇ ಬರೆದುಬಿಟ್ಟರು. ಮರುದಿನ ಬೆಳಿಗ್ಗೆ ಉದ್ಯಾನ ರಸ್ತೆಯವರು ಮೊಬೈಲ್ ತೆರೆದು ನೋಡಿದರೆ, ತಾವೆಲ್ಲ ಅತ್ತೆಬಾಯಿ ರಸ್ತೆಯಲ್ಲಿ ವಾಸ! ಬಾಲ ಸುಟ್ಟ ಬೆಕ್ಕುಗಳ ಹಾಗೆ ಕುಣಿದರು. ಟೋಪಿಯವರ ಹೆಂಡತಿಯಂತೂ ಇದು ಸೊಸೆಯೇ ಬರೆಸಿದ್ದು ಅಂತ ಎರಡು ದಿನ ಸೊಸೆಯ ಹತ್ತಿರ ಮಾತು ಬಿಟ್ಟರು. ಅವತ್ತೇ ಮಧ್ಯಾಹ್ನದ ಊಟಕ್ಕೆ ಮುಂಚೆ ಹೆಸರು ತಿದ್ದಿ ಆಗಿತ್ತು. ಮೋರಿ ಕೆಲಸದವರು ಈ ಕಥೆ ಹೇಳಿಕೊಂಡು ವಾರಗಟ್ಟಲೆ ನಕ್ಕರು. ಮುಚ್ಚಳಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಆ ನಗು ಮಗಳು ಮನೆಗೆ ಬಂದ ದಿನ ನಿಂತಿತು.

ಮಗಳು ಓದಿದವಳು. ಕಣ್ಣಿನ ಆಸ್ಪತ್ರೆಯಲ್ಲಿ ಮುಂದಿನ ಮೇಜಿನಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಹೋಗಿದ್ದಳು. ಪರೀಕ್ಷೆ ಪಾಸು, ಮಾತುಕತೆಯೂ ಪಾಸು. ಕೊನೆಗೆ ವಿಳಾಸ. ಗುಮಾಸ್ತ ಕಂಪ್ಯೂಟರಿನ ನಕ್ಷೆಯಲ್ಲಿ ಅವಳ ಮನೆ ಇರುವ ಜಾಗ ಒತ್ತಿದ. ಹೆಸರು ತಾನಾಗಿಯೇ ಬಂದು ಕೂತಿತು. ಅವನು ಅದನ್ನು ಗಟ್ಟಿಯಾಗಿ ಓದಿದ: "ಗಬ್ಬುಕೇರಿ."

ಸಾಲಿನಲ್ಲಿ ಕೂತವರು ನಕ್ಕರು. ಒಳಗೆ ಹೋಗಿ ಬಂದ ಮ್ಯಾನೇಜರು ದನಿ ತಗ್ಗಿಸಿ ಹೇಳಿದ: "ಮುಂದಿನ ಮೇಜು ಬೇಡಮ್ಮ. ಹಿಂದೆ ಹಾಸಿಗೆ ಬಟ್ಟೆ ಒಗೆಯೋ ಕಡೆ ನೋಡೋಣ. ನಿಮ್ಮವರಿಗೆ ಅದೆಲ್ಲ ಅಭ್ಯಾಸ ಇರತ್ತಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಗಳು ಬಂದವಳೇ ಚೀಲ ಎಸೆದಳು.

"ಅವ್ವಾ, ಆ ನಕ್ಷೆಯವರ ಜೊತೆ ತಿರುಗಿದ್ದು ನೀನೇ ತಾನೇ? ಮೊದಲು ನಕ್ಷೇಲಿ ನಮ್ಮ ಜಾಗ ಖಾಲಿ ಇತ್ತು. ಖಾಲಿ ಇದ್ದಾಗಲೇ ಚೆನ್ನಾಗಿತ್ತು. ದೊಡ್ಡ ಬಾವಿ ಹತ್ತಿರ ಅಂತ ಬರ್ಕೊಂಡು ಹೆಂಗೋ ಬಾಳ್ತಿದ್ದೆ. ಈಗ ನಾನು ಎಲ್ಲಿಗೆ ಹೋದ್ರೂ ಈ ಹೆಸರು ನನಗಿಂತ ಮುಂಚೆ ಹೋಗಿ ಕುರ್ಚಿ ಹಾಕ್ಕೊಂಡು ಕೂತಿರತ್ತೆ."

ಮುಚ್ಚಳಕ್ಕ ಬಿದ್ದ ಚೀಲ ಎತ್ತಿಟ್ಟಳು. ಕೇರಿಯ ಹೆಸರು ಬಾವಿಕೇರಿ. ಊರ ಬಾವಿಯ ಹತ್ತಿರ ಇವರ ಕೊಡ ಬಿಡದ ಕಾಲದಲ್ಲಿ, ಇವಳ ಅಜ್ಜನೂ ಅವನ ಅಣ್ಣತಮ್ಮಂದಿರೂ ಕೈಯಲ್ಲಿ ಬಂಡೆ ಒಡೆದು ತೋಡಿದ ಬಾವಿ ಅದು. ಗಬ್ಬುಕೇರಿ ಅನ್ನುವುದು ಊರಿನವರು ಬೆನ್ನ ಹಿಂದೆ ಆಡುವ ಮಾತು. ಊರಿನ ಹೇಲೆಲ್ಲ ಹರಿದು ಬಂದು ಬೀಳುವುದು ಈ ಕೇರಿಯ ಮಗ್ಗುಲಿಗೆ. ಗಬ್ಬು ಅವರದ್ದು, ಹೆಸರು ಇವರಿಗೆ. ಥೂ.

ಮಾರನೇ ಭಾನುವಾರ ವಾಚನಾಲಯಕ್ಕೆ ಹೋದಳು. ಖಾಲಿ ಕುರ್ಚಿ ಆರಿದ್ದವು, ಯಾರೂ ಕೂತುಕೋ ಅನ್ನಲಿಲ್ಲ. ಬಾಗಿಲ ಹತ್ತಿರ ನಿಂತೇ ಕೇಳಿದಳು.

"ನಮ್ಮ ಕೇರಿಗೆ ಆ ಹೆಸರು ಯಾಕೆ ಬರೆದ್ರಿ ಸ್ವಾಮಿ?"

"ನಾವಾಗಿ ಬರೆದದ್ದಲ್ಲಮ್ಮ," ಅಂದರು ಟೋಪಿಯವರು. "ನಮಗೆ ನಿಯಮ ಇದೆ. ನೆಲದ ಮೇಲೆ ಕಂಡದ್ದೇ ಸತ್ಯ. ಹೆಚ್ಚು ಜನ ಏನಂತ ಕರೀತಾರೋ ಅದೇ ಹೆಸರು. ಮುಖ್ಯರಸ್ತೇಲಿ ಹನ್ನೊಂದು ಜನರನ್ನ ಕೇಳಿದೀವಿ, ಅಂಗಡಿಯವರು, ಆಟೋದವರು. ಹನ್ನೊಂದೂ ಜನ ಅದನ್ನೇ ಹೇಳಿದ್ರು."

"ಕೇರಿಯೊಳಗೆ ಒಬ್ಬರನ್ನಾದ್ರೂ ಕೇಳಿದ್ರಾ?"

ಬ್ಯಾಂಕಿನ ಮೇಡಂ ಮೊಬೈಲ್ ನೋಡತೊಡಗಿದರು.

"ನಾನು ಏಳು ವಾರ ನಿಮ್ಮ ಜೊತೇಲೇ ಇದ್ದೆನಲ್ಲ. ನನ್ನನ್ನ ಕೇಳಬಹುದಿತ್ತಲ್ಲ."

"ನಿಮ್ಮ ಹತ್ತಿರ ಮುಚ್ಚಳ ಕೇಳಿದ್ವಿ ಅಷ್ಟೆ. ಈಗ ಬಾವಿಕೇರಿ ಅನ್ನೋಕೆ ಪುರಾವೆ ಏನಿದೆ?"

"ನಾನೇ. ಹುಟ್ಟಿದ್ದು ಅಲ್ಲೇ. ಬಾವಿ ಇದೆ, ಬಂದು ನೋಡಿ."

"ಅದು ನಿಮ್ಮ ಸ್ವಂತ ಅಭಿಪ್ರಾಯ ಆಗತ್ತೆ. ಚರ್ಚೆಗೆ ಹಾಕ್ತೀವಿ. ಎಲ್ಲ ಸದಸ್ಯರೂ ಒಪ್ಪಬೇಕು. ಆರು ತಿಂಗಳು ಹಿಡೀಬಹುದು. ನಾವೂ ಪುಕ್ಕಟೆ ಕೆಲಸ ಮಾಡೋರು ತಾಯಿ, ನಮ್ಮ ಕಷ್ಟಾನೂ ಅರ್ಥ ಮಾಡ್ಕೊಳ್ಳಿ."

"ಅತ್ತೆಬಾಯಿ ರಸ್ತೆ ಚರ್ಚೆಗೆ ಹಾಕಿದ್ರಾ?"

"ಅದು ತಪ್ಪಾಗಿತ್ತು. ತಪ್ಪನ್ನ ತಿದ್ದಿದ್ವಿ."

ಮುಚ್ಚಳಕ್ಕನ ಮೈಯೆಲ್ಲ ಉರಿದುಹೋಯಿತು. ನಿಮ್ಮ ಬೀದಿಯ ಹೆಸರು ಕೆಟ್ಟರೆ ಅದು ತಪ್ಪು, ನಮ್ಮ ಕೇರಿಯ ಹೆಸರು ಕೆಟ್ಟರೆ ಅದು ಚರ್ಚೆ! ಅಂತ ಮನಸ್ಸಲ್ಲೇ ಬೈದುಕೊಂಡು ತಿರುಗಿದಳು. ಅವಳು ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಯಾರೋ ಒಳಗೆ ಕಿಟಕಿ ತೆರೆದ ಸದ್ದು ಕೇಳಿಸಿತು.

ಯಾರು ಬೇಕಾದರೂ ತಿದ್ದಬಹುದು ಅಂದಿದ್ದರಲ್ಲ, ಮಗಳು ತಾನೇ ಕೂತು ತಿದ್ದಿದಳು. ಬಾವಿಕೇರಿ ಅಂತ ಬರೆದಳು. ಒಂದು ಗಂಟೆಯೊಳಗೆ ಹಳೆಯ ಹೆಸರು ವಾಪಸ್ ಬಂತು. ಮತ್ತೆ ಬರೆದಳು, ಮತ್ತೆ ಅಳಿಸಿದರು. ಮೂರನೆಯ ಸಲ ಕೆಳಗೆ ಒಂದು ಟಿಪ್ಪಣಿ ಬಿತ್ತು: "ಹೊಸ ಸದಸ್ಯರ ಕಿಡಿಗೇಡಿತನ. ಖಾತೆ ತಡೆಹಿಡಿಯಲಾಗಿದೆ." ಅವಳು ಅದನ್ನು ತಾಯಿಗೆ ಓದಿ ಹೇಳಿದಳು.

"ಸೋಮವಾರ ಹಲ್ಲಿನ ಆಸ್ಪತ್ರೇಲಿ ಮಾತುಕತೆಗೆ ಕರೆದಿದ್ದಾರೆ," ಅಂದಳು ಆಮೇಲೆ. "ಮುಂದಿನ ಮೇಜೇ. ಹೋಗಲ್ಲ ಬಿಡು. ಮತ್ತೆ ನಗೋದನ್ನ ಕೇಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ಸೋಮವಾರ ಇನ್ನೂ ನಾಲ್ಕು ದಿನ ಇದೆ," ಅಂದಳು ಮುಚ್ಚಳಕ್ಕ. ನಾಲ್ಕು ದಿನದಲ್ಲಿ ಏನು ಮಾಡುತ್ತೇನೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅತ್ತೆ ಬಾಯಿ ತೆರೆದಳು.

ಅವತ್ತು ನಕ್ಷೆಯ ಬಿಡುಗಡೆ, ಟೋಪಿಯವರ ಮನೆಯ ಅಂಗಳದಲ್ಲೇ. ಶಾಮಿಯಾನ, ಮೈಕು, ನೂರು ಪ್ಲಾಸ್ಟಿಕ್ ಕುರ್ಚಿ, ಬೇರೆ ಊರುಗಳಿಂದ ಬಂದ ಸ್ವಯಂಸೇವಕರು. ಮುಚ್ಚಳಕ್ಕನ ಬಗ್ಗಿದ ಫೋಟೋ ಆಳೆತ್ತರದ ಬ್ಯಾನರಿನಲ್ಲಿ ಗೇಟಿನ ಪಕ್ಕ ತೂಗುತ್ತಿತ್ತು. ಅವಳನ್ನು ಕರೆದಿರಲಿಲ್ಲ. ಸ್ವಾಗತ ಭಾಷಣದ ಮಧ್ಯೆ ಮುಚ್ಚಳ ಗುಡುಗುಡು ಅಂದಿತು, ಮಗ್ಗುಲಿಗೆ ಸರಿಯಿತು, ಕರ್ರಗಿನ ನೀರು ಗೇಟು ದಾಟಿ ಒಳಗೆ ಬಂತು. ಕುರ್ಚಿಗಳ ಕಾಲು ಮುಳುಗಿದವು. ಅತಿಥಿಗಳು ಕುರ್ಚಿಯ ಮೇಲೆ ಹತ್ತಿ ನಿಂತರು. ಬ್ಯಾನರಿನಲ್ಲಿದ್ದವಳು ಮಾತ್ರ ನಗುತ್ತಿದ್ದಳು.

ಮೋರಿ ಕೆಲಸದ ಮೇಸ್ತ್ರಿಗೆ ಫೋನ್ ಬಂತು, ಮೇಸ್ತ್ರಿಯಿಂದ ಮುಚ್ಚಳಕ್ಕನಿಗೆ ಬಂತು. "ಉದ್ಯಾನ ರಸ್ತೆ ಉಕ್ಕಿದೆ, ಬೇಗ ಹೊರಡು. ನಿನ್ನ ಭಾವನ್ನೂ ಕರ್ಕೋ, ಇನ್ನಿಬ್ಬರನ್ನೂ ಕರ್ಕೋ."

ಅವಳು ಕೊಕ್ಕೆ ತೆಗೆದುಕೊಂಡಳು. ಭಾವ ಗಳ ಹೊತ್ತ. ನಾಲ್ಕೂ ಜನ ಮನೆಯಿಂದ ಹೊರಟು ಕೇರಿಯ ಬಾಯಿಗೆ ಬಂದರು. ಅಲ್ಲಿ ಮುಚ್ಚಳಕ್ಕ ನಿಂತಳು. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತಳು.

"ಯಾಕೆ? ಸೊಂಟ ಹಿಡ್ಕೊಳ್ತಾ?" ಅಂದ ಭಾವ.

"ಇಲ್ಲ. ಕೆಲಸದ ಜಾಗ ಬಂತು. ಕೂತ್ಕೋ," ಅಂದಳು. ಹೇಳಿದಳು ಏನು ಮಾಡಬೇಕು ಅಂತ. ಭಾವ ಹೋ ಅಂತ ನಕ್ಕು, ಗಳವನ್ನು ಕಟ್ಟೆಗೆ ಒರಗಿಸಿ ಕಾಲು ಚಾಚಿದ.

ಅರ್ಧ ಗಂಟೆಗೆ ಮೇಸ್ತ್ರಿಯ ಸ್ಕೂಟರ್ ಬಂತು. ಹಿಂದೆಯೇ ಕಾರು. ಕಾರಿನಿಂದ ಟೋಪಿಯವರು ಇಳಿದರು, ಬ್ಯಾಂಕಿನ ಮೇಡಂ ಇಳಿದರು. ಟೋಪಿಯವರ ಪ್ಯಾಂಟು ಮೊಣಕಾಲಿನ ತನಕ ಒದ್ದೆ. ಮೂಗಿನ ಮೇಲೆ ಕರವಸ್ತ್ರ.

"ಏನಮ್ಮಾ ಇದು? ಅಲ್ಲಿ ಉಕ್ಕಿ ಹರೀತಾ ಇದೆ, ಇಲ್ಲಿ ಹರಟೆ ಹೊಡೀತಾ ಕೂತಿದ್ದೀರಾ?"

"ಹರಟೆ ಅಲ್ಲ ಸ್ವಾಮಿ, ಕೆಲಸ," ಅಂದಳು ಮುಚ್ಚಳಕ್ಕ. "ನಿಮ್ಮ ನಕ್ಷೆ ನೋಡ್ಕೊಂಡೇ ಬಂದ್ವಿ. ಊರೆಲ್ಲ ಹುಡುಕಿದ್ರೂ ಗಬ್ಬು ಅಂತ ಬರೆದಿರೋದು ಇದೊಂದೇ ಕಡೆ."

"ಅರ್ಧ ಗಂಟೆಯಿಂದ ಹುಡುಕ್ತಾ ಇದ್ದೀವಿ," ಅಂದ ಭಾವ. "ಇನ್ನೂ ಸಿಕ್ಕಿಲ್ಲ."

"ಉದ್ಯಾನ ರಸ್ತೇಲಿ ಉದ್ಯಾನ ಇರತ್ತೆ. ಅಲ್ಲಿಗೆ ಗಬ್ಬು ಹೆಂಗೆ ಬರತ್ತೆ? ನೀವೇ ತಪ್ಪು ತಿಳ್ಕೊಂಡಿರಬೇಕು. ಹೂವಿನ ವಾಸನೆ ಇರಬಹುದು ನೋಡಿ."

"ತಮಾಷೆಗೆ ಇದಾ ಹೊತ್ತು? ನೆಲದ ಮೇಲೆ ಕಾಲಿಡೋಕಾಗ್ತಿಲ್ಲ ಅಲ್ಲಿ!"

"ನೆಲದ ಮೇಲೆ ಕಂಡದ್ದೇ ಸತ್ಯ ಅಂದಿದ್ರಲ್ಲ, ಬರ್ಕೊಳ್ಳಿ. ಹೆಚ್ಚು ಜನ ಏನಂತಾರೋ ಅದೇ ಹೆಸರು ಅಂದಿದ್ರಲ್ಲ. ಈಗ ನಿಮ್ಮ ಬೀದೀಲಿ ಕುರ್ಚಿ ಹತ್ತಿ ನಿಂತಿರೋ ನೂರು ಜನ ಏನಂತಿದ್ದಾರೆ?"

"ಗಬ್ಬು ಅಂತಿದ್ದಾರೆ," ಅಂದುಬಿಟ್ಟರು ಬ್ಯಾಂಕಿನ ಮೇಡಂ. ಅಂದವರೇ ನಾಲಿಗೆ ಕಚ್ಚಿಕೊಂಡರು.

ಟೋಪಿಯವರು ಅವರನ್ನು ಸುಡುವ ಹಾಗೆ ನೋಡಿದರು. ಅಷ್ಟರಲ್ಲಿ ಮೇಸ್ತ್ರಿ ಮುಂದೆ ಬಂದ. "ಮುಚ್ಚಳಕ್ಕಾ, ಹುಡುಗಾಟ ಬೇಡ. ಕೆಲಸ ಹೋಗತ್ತೆ ನೋಡು."

"ಹೋಗ್ಲಿ. ನಾನು ಬಿಟ್ಟ ಗುಂಡಿಗೆ ಇಳಿಯೋಕೆ ಊರೆಲ್ಲ ಸಾಲುಗಟ್ಟಿ ನಿಂತಿದ್ಯಾ?"

ಟೋಪಿಯವರ ಫೋನ್ ಬಡಿದುಕೊಳ್ಳತೊಡಗಿತು. ಹೆಂಡತಿಯ ದನಿ ಎಲ್ಲರಿಗೂ ಕೇಳಿಸಿತು, ನೀರು ನಡುಮನೆಗೆ ಬಂತಂತೆ. ಅವರು ಫೋನ್ ಕತ್ತರಿಸಿ, ಕನ್ನಡಕ ಏರಿಸಿ, ಅಲ್ಲೇ ನಿಂತು ಬೆರಳಾಡಿಸಿದರು.

"ಆಯ್ತು. ಬದಲಾಯಿಸಿದೀನಿ. ಬಾವಿಕೇರಿ. ಸಾಕಾ?"

ಮಗಳು ಮನೆಯಿಂದ ಓಡಿ ಬಂದಿದ್ದಳು. ತನ್ನ ಮೊಬೈಲ್ ತೆರೆದು ನೋಡಿದಳು. "ಹೌದವ್ವಾ. ಬಂದಿದೆ."

"ಎಷ್ಟು ಹೊತ್ತು ಹಿಡೀತು?"

"ಎರಡು ನಿಮಿಷನೂ ಇಲ್ಲ."

ಮುಚ್ಚಳಕ್ಕ ಟೋಪಿಯವರ ಮುಖವನ್ನೇ ನೋಡಿದಳು. ಸಿಟ್ಟು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ. ಬಂದದ್ದು ಅಸಹ್ಯ. ಇಪ್ಪತ್ತೆರಡು ವರ್ಷ ಇವರದ್ದನ್ನೆಲ್ಲ ಕೈಯಲ್ಲಿ ಬಳಿದವಳಿಗೆ ಒಮ್ಮೆಯೂ ಬಾರದ ವಾಕರಿಕೆ ಈಗ ಬಂತು. ಎರಡು ನಿಮಿಷದ ಕೆಲಸ. ಅದಕ್ಕೆ ಇವರ ನಡುಮನೆಗೇ ಹೇಲು ಬರಬೇಕಾಯಿತು.

"ಚರ್ಚೆ ಆಗ್ಲಿಲ್ಲ," ಅಂದಳು.

"ಆಯ್ತಲ್ಲಮ್ಮ, ನಿನ್ನ ಹೆಸರು ಬಂತಲ್ಲ! ಇನ್ನು ಹೊರಡು. ಕಾರಿನ ಹಿಂದೆ ಬಾ." ಬನ್ನಿ ಹೋಗಿ ಅನ್ನುವುದು ಆಗಲೇ ಹೋಗಿತ್ತು.

ಅವಳು ಬಾವಿಕಟ್ಟೆಯಿಂದ ಎದ್ದಳು. ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದಳು. ಬಾವಿಯಿಂದ ಒಂದು ಕೊಡ ನೀರು ಸೇದಿ ಎರಡೂ ಕೈ ತೊಳೆದಳು, ನಿಧಾನವಾಗಿ, ಒಂದೊಂದೇ ಬೆರಳು. ತುದಿಯಿಲ್ಲದ ಕಿರುಬೆರಳನ್ನೂ ತೊಳೆದಳು. ಎಲ್ಲರೂ ನೋಡುತ್ತ ನಿಂತಿದ್ದರು. ಆಮೇಲೆ ಕೊಕ್ಕೆ ಎತ್ತಿಕೊಂಡು ಹೋಗಿ ಟೋಪಿಯವರ ಮುಂದೆ ಹಿಡಿದಳು.

"ತಗೊಳ್ಳಿ."

"ನನಗ್ಯಾಕೆ ಇದು?"

"ನಕ್ಷೆ ಎಲ್ಲರದ್ದೂ ಅಂದ್ರಲ್ಲ ಸ್ವಾಮಿ. ಮೋರಿನೂ ಎಲ್ಲರದ್ದೇ. ಯಾರು ಬೇಕಾದ್ರೂ ಎತ್ತಬಹುದು. ನೀವು ಹದಿನಾಲ್ಕು ಜನ ಇದ್ದೀರಿ, ಸ್ವಯಂಸೇವಕರು. ಮುಚ್ಚಳ ಎಲ್ಲಿದೆ ಅಂತ ನಕ್ಷೇಲೇ ಇದೆ, ನಾನೇ ತೋರಿಸಿದ್ದು."

ಅವರು ಕೈ ಚಾಚಲಿಲ್ಲ. ಅವಳು ಕೊಕ್ಕೆಯನ್ನು ಅವರ ಒದ್ದೆ ಬೂಟಿನ ಪಕ್ಕ ನೆಲದ ಮೇಲೆ ಇಟ್ಟಳು. ಭಾವ ತನ್ನ ಗಳ ತಂದು ಅದರ ಮೇಲೆ ಅಡ್ಡ ಹಾಕಿದ. ಮುಚ್ಚಳಕ್ಕ ಮಗಳ ತೋಳು ಹಿಡಿದು ಮನೆಯ ಕಡೆ ತಿರುಗಿದಳು. "ನಾಳೆಗೆ ಯಾವ ಬಟ್ಟೆ ಹಾಕ್ಕೊಳ್ತೀಯ?" ಅಂತ ಕೇಳಿದಳು. ನಾಲ್ಕು ಹೆಜ್ಜೆ ಹೋದವಳು ಏನೋ ಮರೆತ ಹಾಗೆ ನಿಂತು, ತಿರುಗಿ ನೋಡದೆ ಹೇಳಿದಳು:

"ಬೆರಳು ಜೋಪಾನ ಸ್ವಾಮಿ. ಅತ್ತೆ ಕಚ್ತಾಳೆ."